ಇಂಜಿನ್ ‘ಸೀಜ್’ ಆಗಿದೆ: ಹಿಡಿಯಿತೆನ್ನೋಣವೇ, ಕಚ್ಚಿತೆನ್ನೋಣವೇ?

ಬಲ್ಲವರಿಗೆಲ್ಲ ನಮಸ್ಕಾರ.

ಹಳೆಯ ಜಾವಾ, ಯೆಜ್ಡಿ ಬೈಕು ಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಕೆಟ್ಟು ನಿಂತ ಇಂಜಿನ್ನಿನ ರೋಗ ಗುರುತಿಸುವುದು, ಬಿಚ್ಚುವುದು, ಲೇತ್ ಅಂಗಡಿಯಲ್ಲಿ ಏನೇನು ಕೆಲಸ ಮಾಡಿಸಬೇಕು ಎಂದು ತೀರ್ಮಾನಿಸುವುದು, ಮತ್ತೆ ಜೋಡಿಸುವುದು, ಎಲ್ಲವೂ ಅದರಲ್ಲಿ ಬರಬೇಕು. 1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, ಮೊದಲು ಜಾವಾ ಎಂದೂ ಆಮೇಲೆ ಯೆಜ್ಡಿ ಎಂದೂ ತಯಾರಾದ ಗಾಡಿಗಳಿವು. ನಮ್ಮೂರಲ್ಲೇ ಹುಟ್ಟಿ ನಮ್ಮ ಮೆಕ್ಯಾನಿಕ್ಕುಗಳ ಕೈಯಲ್ಲೇ ಬಾಳಿದ ಗಾಡಿಯ ಬಗ್ಗೆ ಬರೆಯಲು ಕನ್ನಡದಲ್ಲಿ ಮಾತು ಸಾಲದು ಅಂದರೆ ನಾನು ಒಪ್ಪಲಾರೆ. ಆದರೂ ಒಂದು ಪದದ ಹತ್ತಿರ ಬರವಣಿಗೆ ಮುಂದಕ್ಕೆ ಹೋಗುತ್ತಿಲ್ಲ. ಆ ಪದ ‘ಸೀಜ್’.

ಮೊದಲ ತೊಡಕು ಸಂತೆಯದು. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ಕಡೆ ‘ಸೀಜ್ ಆದ ಗಾಡಿ’ ಎಂದರೆ ಕಂತು ಕಟ್ಟದ್ದಕ್ಕೆ ಫೈನಾನ್ಸಿನವರು ಎಳೆದುಕೊಂಡು ಹೋದದ್ದೂ ಆಗಬಹುದು, ದಾಖಲೆ ಇಲ್ಲವೆಂದು ಪೊಲೀಸರು ಠಾಣೆಯ ಅಂಗಳದಲ್ಲಿ ನಿಲ್ಲಿಸಿದ್ದೂ ಆಗಬಹುದು, ಪಿಸ್ಟನ್ ಸಿಲಿಂಡರಿನೊಳಗೆ ಸಿಕ್ಕಿ ಅಲ್ಲಾಡದೆ ನಿಂತದ್ದೂ ಆಗಬಹುದು. ಮೊದಲೆರಡರಲ್ಲಿ ಕೊಳ್ಳುವವರು ನೋಡಬೇಕಾದ್ದು ಆರ್‌ಸಿ, ಎನ್‌ಒಸಿ. ಮೂರನೆಯದರಲ್ಲಿ ಸ್ಪ್ಯಾನರ್ ಹಿಡಿಯಬೇಕು. ಕಾನೂನಿನ ಅರ್ಥಕ್ಕೆ ‘ಜಪ್ತಿ’ ನಮ್ಮಲ್ಲಿ ಚೆನ್ನಾಗಿ ಬೇರೂರಿದೆ. ಹಾಗಾಗಿ ಇಂಜಿನ್ನಿನ ಅರ್ಥಕ್ಕೂ ಒಂದು ನೆಲೆಯಾದ ಮಾತು ಸಿಕ್ಕರೆ ಈ ಗೊಂದಲ ತೀರುತ್ತದೆ.

ಎರಡನೆಯ ತೊಡಕು ಇದಕ್ಕಿಂತ ದೊಡ್ಡದು. ಇಂಜಿನ್ನಿನ ಒಳಗೇ ‘ಸೀಜ್’ ಎಂಬ ಒಂದು ಪದ ಬೇರೆ ಬೇರೆ ಮೂರು ರೋಗಗಳನ್ನು ಮುಚ್ಚಿಟ್ಟುಕೊಂಡಿದೆ. ಮೂರಕ್ಕೂ ಮದ್ದು ಬೇರೆ, ಖರ್ಚು ಬೇರೆ.

ಒಂದು, ಓಡುವಾಗ ಕಾವಿಗೆ ಆಗುವಂಥದ್ದು. ಈ ಗಾಡಿಗಳ ಬ್ಲಾಕ್, ಅಂದರೆ ಸಿಲಿಂಡರಿನ ಭಾಗ, ಎರಕದ ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಷ್ಟೇ ಕಾವಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ಜಾವಾ 250ರ ಬೋರ್ (ಸಿಲಿಂಡರಿನ ಒಳವ್ಯಾಸ) 65 ಮಿ.ಮೀ. ಕಾವು 100 ಡಿಗ್ರಿ ಏರಿದರೆ ಪಿಸ್ಟನ್ ಸುಮಾರು 0.13 ಮಿ.ಮೀ. ಹಿಗ್ಗುತ್ತದೆ, ಸಿಲಿಂಡರ್ 0.07 ಮಾತ್ರ. ನಡುವೆ ಬಿಟ್ಟಿರುವ ಕೂದಲೆಳೆಯಷ್ಟು ಜಾಗ ಅಲ್ಲಿಗೆ ಮುಗಿಯಿತು. ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ನಿಗೆ ಜಿಡ್ಡು ಸಿಗುವುದು ಪೆಟ್ರೋಲಿಗೆ ಬೆರೆಸಿದ ಆಯಿಲಿನಿಂದ. ಅದು ಕಡಿಮೆಯಾದರೂ, ಕಾರ್ಬುರೇಟರಿನ ಜೆಟ್ಟಿನಲ್ಲಿ (ಪೆಟ್ರೋಲ್ ಹರಿಯುವ ಸಣ್ಣ ತೂತಿನಲ್ಲಿ) ಕಸ ಕೂತರೂ, ಕ್ರ್ಯಾಂಕಿನ (ಪಿಸ್ಟನ್ನಿನ ಏರಿಳಿತಕ್ಕೆ ತಿರುಗುವ ದಂಡದ) ಆಯಿಲ್ ಸೀಲ್ ಸವೆದು ಹೊರಗಾಳಿ ಎಳೆದುಕೊಂಡರೂ ಕಾವು ಮಿತಿ ಮೀರುತ್ತದೆ. ತಣ್ಣಗಾದ ಮೇಲೆ ಕಿಕ್ಕರ್ ಮತ್ತೆ ಇಳಿಯುತ್ತದೆ, ಗಾಡಿ ಸ್ಟಾರ್ಟೂ ಆಗಬಹುದು. ಮಾರುವವರು ‘ಏನೂ ಆಗಿಲ್ಲ, ಬಿಸಿಯಾಗಿತ್ತು ಅಷ್ಟೇ’ ಎನ್ನುವುದು ಈ ಬಲದಿಂದ. ಬ್ಲಾಕ್ ಎತ್ತಿದರೆ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೆರೆ, ಸಿಲಿಂಡರಿನ ಗೋಡೆಗೆ ಮೆತ್ತಿಕೊಂಡ ಅಲ್ಯೂಮಿನಿಯಂ ಕಾಣುತ್ತದೆ. ಗೆರೆ ಆಳವಾಗಿದ್ದರೆ ಬೋರ್ ಮಾಡಿಸಿ (ಸಿಲಿಂಡರಿನ ಒಳಗೋಡೆಯನ್ನು ಕೊರೆಸಿ ಅಗಲಿಸಿ) ಮುಂದಿನ ಸೈಜಿನ ಪಿಸ್ಟನ್ ಹಾಕಬೇಕು, ಸಾಮಾನ್ಯವಾಗಿ 0.25 ಮಿ.ಮೀ. ಹಂತಗಳಲ್ಲಿ ಸಿಗುತ್ತದೆ. ಆದರೆ ಕಾವೇರಿದ್ದಕ್ಕೆ ಮೂಲ ಕಾರಣ ಹುಡುಕದೆ ಬರೀ ಪಿಸ್ಟನ್ ಬದಲಿಸಿದರೆ ಹೊಸದಕ್ಕೂ ಅದೇ ಗತಿ. ಕೈಪಿಡಿಯಲ್ಲಿ ನಾನು ಒತ್ತಿ ಹೇಳಬೇಕೆಂದಿರುವ ಮಾತೇ ಇದು.

ಎರಡು, ಓಡದೆ ನಿಂತಲ್ಲೇ ಆಗುವಂಥದ್ದು. ಹಿತ್ತಲಲ್ಲಿ ವರ್ಷಗಟ್ಟಲೆ ಬಿದ್ದ ಗಾಡಿಯ ಸೈಲೆನ್ಸರಿನ ದಾರಿಯಿಂದ ತೇವ ಒಳಗೆ ಸೇರಿ, ಪಿಸ್ಟನ್ ರಿಂಗುಗಳು ತುಕ್ಕಿನಿಂದ ಸಿಲಿಂಡರಿಗೆ ಅಂಟುತ್ತವೆ. ಇಲ್ಲಿ ಅವಸರ ಸಲ್ಲದು. ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ಆಯಿಲ್ ಬೆರೆಸಿ ಆ ತೂತಿನಿಂದ ಸುರಿದು ನೆನೆಯಲು ಬಿಡಬೇಕು. ಆಮೇಲೆ ಟಾಪ್ ಗೇರಿನಲ್ಲಿಟ್ಟು ಹಿಂದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಬೇಕು. ಪಿಸ್ಟನ್ನಿನ ತಲೆಗೆ ಸುತ್ತಿಗೆ ಏಟು ಕೊಟ್ಟು ಬಿಡಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ನೆನೆಸಿದ್ದರೆ ಉಳಿಯಬಹುದಾಗಿದ್ದ ಮೂಲ ಪಿಸ್ಟನ್ ಹಾಗೆ ಹಾಳಾಗುತ್ತದೆ.

ಮೂರು, ಕೆಳಗಿನ ಭಾಗದ್ದು. ಹೆಡ್, ಬ್ಲಾಕ್ ಎರಡನ್ನೂ ತೆಗೆದ ಮೇಲೂ ಕ್ರ್ಯಾಂಕ್ ತಿರುಗದಿದ್ದರೆ ಬೇರಿಂಗ್ ಕೆಟ್ಟಿದೆ ಎಂದು ತಿಳಿಯಬೇಕು. ಆಗ ಇಂಜಿನ್ನನ್ನು ಫ್ರೇಮಿನಿಂದ ಇಳಿಸಿ ಕೇಸ್ ಒಡೆಯದೆ ಗತಿಯಿಲ್ಲ. (‘ಕೇಸ್ ಒಡೆಯುವುದು’ ಎಂದರೆ ಎರಡು ಹೋಳನ್ನು ಬೇರ್ಪಡಿಸುವುದು. ಹೊಸಬರು ಗಾಬರಿಯಾಗದಂತೆ ಇದನ್ನೂ ಬಿಡಿಸಿ ಬರೆಯಬೇಕಾಗಿದೆ.) ಈ ಕ್ರ್ಯಾಂಕ್ ಒಂದೇ ತುಂಡಿನದಲ್ಲ, ಬಿಡಿ ಭಾಗಗಳನ್ನು ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ್ದು. ಪಿಸ್ಟನ್ನನ್ನು ಕ್ರ್ಯಾಂಕಿಗೆ ಕೂಡಿಸುವ ಕನೆಕ್ಟಿಂಗ್ ರಾಡಿನ ಕಿಟ್ ಬದಲಿಸಬೇಕಾದರೆ ಪಿನ್ ಒತ್ತಿ ತೆಗೆದು, ಹೊಸದನ್ನು ಒತ್ತಿ ಕೂರಿಸಿ, ಡಯಲ್ ಗೇಜ್ ಇಟ್ಟು ಓರೆ ತೆಗೆಯಬೇಕು. ಕೈ ನುರಿತವರ ಕೆಲಸ.

ಈಗ ಮಾತಿನ ವಿಷಯಕ್ಕೆ ಬರುತ್ತೇನೆ.

ಮೈಸೂರಿನ ಕಡೆ ಗ್ಯಾರೇಜುಗಳಲ್ಲಿ ‘ಸೀಜ್ ಆಗಿದೆ’ ಎನ್ನುವಷ್ಟೇ ಸಲೀಸಾಗಿ ‘ಪಿಸ್ಟನ್ ಹಿಡ್ಕೊಂಡಿದೆ’ ಎನ್ನುವುದನ್ನೂ ಕೇಳಿದ್ದೇನೆ. ನನಗೆ ಇದು ತುಂಬ ಒಗ್ಗಿದೆ. ‘ಸೊಂಟ ಹಿಡಿದುಕೊಂಡಿದೆ’ ಎನ್ನುತ್ತೇವೆ, ಅಲ್ಲಾಡಲು ಆಗದ್ದು. ‘ಅನ್ನ ತಳ ಹಿಡಿದಿದೆ’ ಎನ್ನುತ್ತೇವೆ, ಕಾವಿಗೆ ಅಂಟಿದ್ದು. ‘ತುಕ್ಕು ಹಿಡಿದಿದೆ’ ಎಂಬುದಂತೂ ದಿನದ ಮಾತು. ಇಂಜಿನ್ನಿನ ಮೂರೂ ರೋಗಗಳ ಗುಣ ಈ ಒಂದೇ ಕ್ರಿಯಾಪದದಲ್ಲಿ ಆಗಲೇ ಇದೆ. ಹಾಗಿದ್ದರೆ ‘ಹಿಡಿ’ಯನ್ನೇ ಉಳಿಸಿಕೊಂಡು ಕಾರಣವನ್ನು ಮುಂದೆ ಸೇರಿಸಿದರೆ ಸಾಕಲ್ಲವೇ? ‘ಬಿಸಿಲಿಗೆ ಒಣಗಿದೆ’, ‘ಚಳಿಗೆ ಮರಗಟ್ಟಿದೆ’ ಎಂಬಲ್ಲಿ ‘-ಗೆ’ ಕಾರಣವನ್ನು ಹೇಳುವಂತೆ, ‘ಕಾವಿಗೆ ಹಿಡಿದದ್ದು’, ‘ತುಕ್ಕಿಗೆ ಹಿಡಿದದ್ದು’. ಮೂರನೆಯದಕ್ಕೆ ‘ಬೇರಿಂಗ್ ಹಿಡಿದದ್ದು’. ಬರೀ ‘ತುಕ್ಕು ಹಿಡಿದಿದೆ’ ಎಂದು ಬರೆದರೆ ಮಡ್‌ಗಾರ್ಡಿನ ತುಕ್ಕೂ ಅದೇ ಆಗಿಬಿಡುತ್ತದೆ. ಆದ್ದರಿಂದ ಆ ‘-ಗೆ’ ಬೇಕೇ ಬೇಕು ಎಂದು ನನ್ನ ಎಣಿಕೆ.

‘ಕಚ್ಚಿಕೊಂಡಿದೆ’ ಎನ್ನಬಹುದೆಂದು ಗೆಳೆಯರೊಬ್ಬರು ಸೂಚಿಸಿದರು. ನನಗೆ ಹಿಡಿಸಲಿಲ್ಲ. ಗೇರಿನ ಹಲ್ಲು ಸರಿಯಾಗಿ ಕೂಡಿದಾಗ ‘ಗೇರ್ ಕಚ್ಚಿತು’ ಎನ್ನುತ್ತೇವೆ, ಅದು ಆರೋಗ್ಯದ ಲಕ್ಷಣ. ಅದೇ ಮಾತನ್ನು ರೋಗಕ್ಕೂ ಬಳಸಿದರೆ ಓದುವವರು ತಬ್ಬಿಬ್ಬಾಗುತ್ತಾರೆ. ‘ಸ್ತಂಭನ’ವೂ ಬೇಡ. ಹೃದಯ ಸ್ತಂಭನದಲ್ಲಿರುವಂತೆ ಅದು ನಿಂತುಹೋದದ್ದನ್ನು ಹೇಳುತ್ತದೆಯೇ ಹೊರತು ಯಾವುದು ಯಾವುದನ್ನು ಬಿಗಿಯಿತು ಎಂಬುದನ್ನಲ್ಲ. ಪೆಟ್ರೋಲ್ ಮುಗಿದರೂ ಇಂಜಿನ್ ನಿಲ್ಲುತ್ತದೆ.

ತಿಳಿದವರನ್ನು ನಾನು ಕೇಳಬೇಕಾದ್ದು ಇವು. ಹುಬ್ಬಳ್ಳಿ, ಕಲಬುರಗಿ, ಮಂಗಳೂರು, ಶಿವಮೊಗ್ಗದ ಕಡೆ ಮೆಕ್ಯಾನಿಕ್ಕುಗಳು ಈ ಸ್ಥಿತಿಗೆ ಏನನ್ನುತ್ತಾರೆ? ‘ಹಿಡಕೊಂಡೈತಿ’, ‘ಜಾಮ್ ಆಗೇತಿ’ ಎರಡೂ ಬಳಕೆಯಲ್ಲಿದ್ದರೆ ಅವುಗಳ ನಡುವೆ ವ್ಯತ್ಯಾಸ ಮಾಡುತ್ತಾರೆಯೇ? ಪಂಪ್‌ಸೆಟ್ ರಿಪೇರಿಯವರಲ್ಲಿ, ಅಕ್ಕಿ ಗಿರಣಿಯವರಲ್ಲಿ ಇದಕ್ಕಿಂತ ಹಳೆಯ ಮಾತು ಉಳಿದಿರಬಹುದು ಎಂಬ ಆಸೆಯೂ ಇದೆ, ಅವರಿಗೂ ಬೇರಿಂಗ್ ಹಿಡಿಯುವ ಕಾಟ ತಪ್ಪಿದ್ದಲ್ಲ.

ಜೊತೆಗೆ ಇನ್ನೊಂದು. ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನವಾಗಿ, ಒಂದೇ ವೇಗಕ್ಕೆ ಅಂಟಿಕೊಳ್ಳದೆ, ನಡುನಡುವೆ ತಣಿಯಲು ಬಿಟ್ಟು ಓಡಿಸುವುದಕ್ಕೆ ‘ರನ್ನಿಂಗ್ ಇನ್’ ಎನ್ನುತ್ತಾರೆ. ಹೋರಿಯನ್ನು ನೊಗಕ್ಕೆ ಒಗ್ಗಿಸುವ ಹಾಗೆ ‘ಇಂಜಿನ್ ಪಳಗಿಸುವುದು’ ಎಂದು ಕರಡಿನಲ್ಲಿ ಬರೆದಿದ್ದೇನೆ. ಗ್ಯಾರೇಜಿನವರ ಬಾಯಲ್ಲಿ ಇದಕ್ಕೆ ಬೇರೆ ಕನ್ನಡ ಮಾತು ಕೇಳಿದ್ದರೆ ತಿಳಿಸಿ. ಉತ್ತರಿಸುವಾಗ ಯಾವ ಊರಿನಲ್ಲಿ, ಯಾವ ಕಸುಬಿನವರಿಂದ ಕೇಳಿದ್ದು ಎಂಬುದನ್ನೂ ಬರೆದರೆ ಪದಪಟ್ಟಿಯಲ್ಲಿ ಅದನ್ನು ಹಾಗೆಯೇ ನಮೂದಿಸುತ್ತೇನೆ.