ಬಿಚ್ಚಿ ಜೋಡಿಸೋ ಗೇಮಿಂಗ್ ಹೆಡ್‌ಸೆಟ್ ತಗೋಬಹುದಾ? ಸ್ವಾಮಣ್ಣನ್ನ ಕೇಳಿ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಈ ಭಾನುವಾರ ನಮ್ ಜೊತೆ ಸ್ವಾಮಣ್ಣ ಇದಾರೆ, ಮೈಸೂರಿನ ಶಿವರಾಂಪೇಟೆ ಕಡೆ ಇಪ್ಪತ್ತು ವರ್ಷದಿಂದ ಹೆಡ್‌ಫೋನು ಆಂಪ್ಲಿಫೈಯರು ರಿಪೇರಿ ಮಾಡ್ಕೊಂಡಿದಾರೆ. ಪ್ಯಾಡು, ಮೈಕು, ವೈರು, ಸ್ಪೀಕರ್ ಎಲ್ಲಾ ಬೇರೆಬೇರೆ ಬಿಚ್ಚಿ ಬದ್ಲಾಯಿಸ್ಬಹುದಾದ ಮಾಡ್ಯುಲರ್ ಹೆಡ್‌ಸೆಟ್ ಬಗ್ಗೆ ಕೇಳಿ. ಒಬ್ರು ಒಂದೇ ಪ್ರಶ್ನೆ ಪ್ಲೀಸ್. ಫಾರ್ವರ್ಡ್ ಹಾಕ್ಬೇಡಿ.

ಕುವೆಂಪುನಗರ ಗೇಮರ್: ಸರ್, 14 ಸಾವಿರದ ಒಂದು ಮಾಡ್ಯುಲರ್ ಹೆಡ್‌ಸೆಟ್ ನೋಡಿಟ್ಟಿದೀನಿ. ಕಿವಿ ಪ್ಯಾಡ್ ಎರಡು ಥರ, ಹೊರಗಿನ ಪ್ಲೇಟ್ ಎರಡು ಥರ ಕೊಡ್ತಾರೆ, ಮೈಕ್ ತೆಗೀಬಹುದು. ದುಡ್ಡಿಗೆ ಮೋಸ ಇಲ್ವಾ?

ಸ್ವಾಮಣ್ಣ: ಬಿಚ್ಚೋಕೆ ಬರುತ್ತೆ ಅನ್ನೋದು ಬೇರೆ, ಬಿಚ್ಚಿದ್ಮೇಲೆ ಪಾರ್ಟ್ ಸಿಗುತ್ತೆ ಅನ್ನೋದು ಬೇರೆ. ನನ್ ಬೆಂಚಿಗೆ ಬರೋದ್ರಲ್ಲಿ ಮೊದ್ಲು ಹೋಗೋದು ಪ್ಯಾಡು, ಆಮೇಲೆ ಜಾಕ್ ಬುಡದಲ್ಲಿ ವೈರು, ಆಮೇಲೆ ಕಿವಿ ಬಟ್ಟಲು ತಿರುಗೋ ಜಾಗದ, ಅಂದ್ರೆ ಹಿಂಜಿನ, ಪ್ಲಾಸ್ಟಿಕ್ಕು, ವೈರ್‌ಲೆಸ್ ಆದ್ರೆ ಬ್ಯಾಟರಿ. ಸ್ಪೀಕರ್ ತಾನಾಗೇ ಸುಟ್ಟು ಬಂದಿದ್ದು ತೀರಾ ಕಮ್ಮಿ. ಆದ್ರೆ ಕಂಪನಿಯೋರು ಶೋಕಿಗೆ ಪ್ಲೇಟ್ ಬದ್ಲಾಯಿಸೋಕೆ ಕೊಡ್ತಾರೆ, ಮುರಿಯೋ ಹಿಂಜ್ ಮಾತ್ರ ಅಂಟು ಹಾಕಿ ಮುಚ್ಚಿರ್ತಾರೆ. ಹಾಗಂತ ಪ್ಲೇಟ್ ಬದ್ಲಾಯಿಸೋದು ಎಲ್ಲಾ ಕಡೆ ಸುಳ್ಳಲ್ಲ, ಆಸ್ಟ್ರೋ ಎ40 ಟಿಆರ್ ಅನ್ನೋ ಹೆಡ್‌ಸೆಟ್‌ಗೆ ಮಾಡ್ ಕಿಟ್ ಅಂತ ಬರ್ತಿತ್ತು, ಪ್ಲೇಟು ಪ್ಯಾಡು ಎರಡೂ ಹಾಕಿದ್ರೆ ಓಪನ್ ಬ್ಯಾಕ್, ಅಂದ್ರೆ ಹಿಂದೆ ಗಾಳಿ ಆಡೋ ಥರ ಇದ್ದಿದ್ದು ಕ್ಲೋಸ್ಡ್ ಆಗೋದು, ಹೊರಗಿನ ಗಲಾಟೆ ನಿಜವಾಗ್ಲೂ ಕಮ್ಮಿ ಆಗೋದು. ಡೆನ್ಮಾರ್ಕಿನ ಎಐಎಐಎಐ ಕಂಪನಿ ಟಿಎಂಎ-2 ಹೆಡ್‌ಫೋನ್ ಅಂತೂ ಸ್ಪೀಕರು, ತಲೆಪಟ್ಟಿ, ಪ್ಯಾಡು, ವೈರು ನಾಕೂ ಬೇರೆಬೇರೆ. ಸ್ಟೀಲ್‌ಸೀರೀಸ್ ಆರ್ಕ್ಟಿಸ್ ನೋವಾ ಪ್ರೋ ವೈರ್‌ಲೆಸ್ಸಲ್ಲಿ ಎರಡು ಬ್ಯಾಟರಿ, ಒಂದು ತಲೆ ಮೇಲೆ ಒಂದು ಚಾರ್ಜಲ್ಲಿ, ಅದು ಉಪಯೋಗಕ್ಕೆ ಬರೋ ಮಾಡ್ಯುಲರ್. ನೀವು ಮಾಡ್ಬೇಕಾದ್ದು ಇಷ್ಟು, ತಗೊಳೋ ಮುಂಚೆ ಅದೇ ಕಂಪನಿ ಪ್ಯಾಡ್ ಬಿಡಿಯಾಗಿ ಎಷ್ಟು, ಎಷ್ಟು ದಿನಕ್ಕೆ ಬರುತ್ತೆ ಅಂತ ಕೇಳಿ. ಅಂಗಡಿಯವ್ನು 'ಸಿಗುತ್ತೆ ಸಾರ್' ಅಂತ ಗೋಡೆ ನೋಡ್ಕೊಂಡು ಅಂದ್ರೆ ಸಿಗಲ್ಲ ಅಂತ ಅರ್ಥ. ವೈರಿನ ತೂತು ಮಾಮೂಲಿ 3.5 ಎಂಎಂ ಆಗಿದ್ರೆ ಬದುಕಿದ್ರಿ, ಅವ್ರದ್ದೇ ಲಾಕ್ ಇರೋದಾದ್ರೆ ಆ ವೈರಿಗೂ ಅವ್ರ ಕಾಲೇ ಹಿಡೀಬೇಕು.

ಪಿಜಿ ಹುಡುಗ: ಅಣ್ಣ 2000 ಒಳಗೆ ಮಾಡ್ಯುಲರ್ ಇದ್ಯಾ?

ಸ್ವಾಮಣ್ಣ: ವೈರು ಮತ್ತೆ ಮೈಕ್ ತೆಗೆಯೋಕೆ ಬರೋದು ಸಿಗುತ್ತೆ. ಅಷ್ಟೇ ಸಾಕು ನಿಮಗೆ.

ವಿಜಯನಗರ 2ನೇ ಹಂತ: ಸರ್ ನಂದು ಪಿಸಿ ಪಕ್ಕ ಟೇಬಲ್ ಫ್ಯಾನ್ ಇದೆ, ಮೈಕಲ್ಲಿ ಅದೇ ಬರ್ರ್ ಅಂತ ಕೇಳುತ್ತೆ ಅಂತ ಟೀಮಿನೋರು ಬೈತಾರೆ. ಮೈಕ್ ಮಾತ್ರ ಬದ್ಲಾಯಿಸಿದ್ರೆ ಸರಿ ಹೋಗುತ್ತಾ?

ಮದ್ದೂರು ಮಂಜ: ಅಣ್ಣೋ ವಸಿ ನೋಡಣ್ಣ. ನಂದು ವೈರ್ ಬಿಚ್ಚೋ ಅಂಥದ್ದೇ ಹೆಡ್‌ಸೆಟ್ಟು. ಹಳೇ ವೈರ್ ನಾಯಿ ಕಚ್ಚಾಕ್ತು, ಬೇರೆ ವೈರ್ ತಂದ್ ಹಾಕ್ದೆ. ಎರಡು ಕಿವೀಲೂ ಸೌಂಡ್ ಬತ್ತದೆ. ಆದ್ರೆ ಆಟದಲ್ಲಿ ಎದುರುಗಡೆಯಿಂದ ಬರೋನ ಹೆಜ್ಜೆ ಸದ್ದೇ ಕೇಳ್ನಿಲ್ಲ, ಪಕ್ಕದಿಂದ ಬಂದ್ರೆ ಕೇಳ್ತದೆ. ಮೂರು ದಿನದಿಂದ ಎದುರಿಂದ್ಲೇ ಹೊಡುಸ್ಕೊಂಡು ಸಾಯ್ತಾವ್ನಿ. ಮೈಕೂ ಗೊರಗೊರ ಅಂತದೆ. ಸ್ಪೀಕರ್ ಹೋಯ್ತಾ?

ಸ್ವಾಮಣ್ಣ: ಆಹಾ, ಇದು ಪ್ರಶ್ನೆ ಅಂದ್ರೆ. ಮಂಜಣ್ಣ, ಒಂದು ಕೆಲ್ಸ ಮಾಡಿ. ಫೋನಿಗೆ ಚುಚ್ಚಿ ಯಾವ್ದಾದ್ರೂ ಸಿನಿಮಾ ಹಾಡು ಹಾಕಿ. ಪಿಟೀಲು, ತಬಲ ಎಲ್ಲಾ ಕೇಳ್ಸಿ, ಹಾಡೋರ ದನಿ ಮಾತ್ರ ಬಾವಿ ಒಳಗಿಂದ ಬಂದಂಗೆ ಇದ್ಯಾ? ಹಾಗಿದ್ರೆ ಹೊಸ ವೈರಲ್ಲಿ ಬಟನ್ ಇದ್ರೆ ಅದನ್ನ ಒತ್ತಿ ಹಿಡ್ಕೊಂಡು ಕೇಳಿ ನೋಡಿ. ಏನಾಯ್ತು ಬರೀರಿ.

ಮದ್ದೂರು ಮಂಜ: ಅಣ್ಣ!! ಒತ್ತಿ ಹಿಡುದ್ರೆ ಸರಿಯಾಗದೆ, ಬುಟ್ರೆ ಹಾಡೋರು ಮಾಯ. ಏನಣ್ಣ ಇದು ಮಾಟ?

ಸ್ವಾಮಣ್ಣ: ಮಾಟ ಅಲ್ಲ, ನಿಮ್ ಸ್ಪೀಕರಿಗೆ ಏನೂ ಆಗಿಲ್ಲ. ಜಾಕ್ ಕೈಲಿ ಹಿಡ್ಕೊಳಿ, ಮೂರು ಕಪ್ಪು ಗೆರೆ, ನಡುವೆ ನಾಕು ಲೋಹದ ತುಂಡು ಕಾಣ್ಸುತ್ತೆ. ತುದಿ ಎಡಗಿವಿ, ಎರಡನೇದು ಬಲಗಿವಿ. ಮೂರು ನಾಕರಲ್ಲಿ ಒಂದು ಗ್ರೌಂಡು, ಅಂದ್ರೆ ಕರೆಂಟ್ ವಾಪಸ್ ಹೋಗೋ ದಾರಿ, ಇನ್ನೊಂದು ಮೈಕು. ಈಗ ಬರೋ ಫೋನು ಕಂಟ್ರೋಲರ್‌ಗೆಲ್ಲಾ ಮೂರನೇದು ಗ್ರೌಂಡ್, ಕೊನೇದು ಮೈಕ್, ಇದಕ್ಕೆ ಸಿಟಿಐಎ ಅಂತಾರೆ. ಓಎಂಟಿಪಿ ಅನ್ನೋ ಹಳೇ ಪದ್ಧತೀಲಿ ಇವೆರಡೂ ಉಲ್ಟಾ. ನೀವ್ ತಂದಿರೋ ವೈರು ಆ ಉಲ್ಟಾ ಜಾತಿ. ಗ್ರೌಂಡ್ ಸರಿಯಾಗಿ ಸಿಗದೇ ಇದ್ದಾಗ ಎರಡು ಸ್ಪೀಕರೂ ಒಂದರ ಬೆನ್ನಿಗೊಂದು ಸೇರ್ಕೊಂಡು, ಎಡಕ್ಕೂ ಬಲಕ್ಕೂ ಇರೋ ವ್ಯತ್ಯಾಸ ಮಾತ್ರ ಕೇಳ್ಸುತ್ತೆ. ಎರಡರಲ್ಲೂ ಒಂದೇ ಸಮ ಇರೋದು ಒಂದನ್ನೊಂದು ತಿಂದ್ಬಿಡುತ್ತೆ. ಹಾಡೋರ ದನಿ ನಡುವಲ್ಲಿ ಇರುತ್ತೆ, ಎದುರಿಂದ ಬರೋನ ಹೆಜ್ಜೇನೂ ನಡುವಲ್ಲೇ, ಅದಕ್ಕೇ ಎರಡೂ ಮಾಯ. ಬಟನ್ ಒತ್ತಿದಾಗ ಮೈಕು ಗ್ರೌಂಡು ಒಂದಾಗುತ್ತೆ, ದಾರಿ ಸಿಗುತ್ತೆ. ಸಿಟಿಐಎ ಅಂತ ಕೇಳಿ ಬೇರೆ ವೈರ್ ತಗೊಳಿ, ಇಲ್ಲಾ ಆ ವೈರೇ ತನ್ನಿ, ಜಾಕ್ ಕತ್ತರಿಸಿ ಬೇರೆ ಹಾಕಿ ಕೊಡ್ತೀನಿ. ಬೇಜಾರೇನು ಅಂದ್ರೆ ಇಂಥದ್ದಕ್ಕೆ ಜನ ಹೆಡ್‌ಸೆಟ್ಟನ್ನೇ ಗುಜರಿಗೆ ಹಾಕ್ತಾರೆ.

ಮದ್ದೂರು ಮಂಜ: ಕೈ ಮುಗುದೆ ಕನಣ್ಣ.

ಸರಸ್ವತಿಪುರಂ ಆಡಿಯೋಫೈಲ್: ಮಂಜ ಅವ್ರೇ, ಹೊಸ ವೈರ್ ಹಾಕಿದ್ಮೇಲೆ ನೂರು ಗಂಟೆ ಬರ್ನ್ ಇನ್ ಮಾಡ್ಬೇಕು, ಅಂದ್ರೆ ಸುಮ್ನೆ ಸೌಂಡ್ ಓಡಿಸಿ ಪಳಗಿಸ್ಬೇಕು. ರಾತ್ರಿಯೆಲ್ಲಾ ಪಿಂಕ್ ನಾಯ್ಸ್ ಅನ್ನೋ ಜುಯ್ ಸದ್ದು ಓಡಿಸಿ. ಯಾರೋ ಕಳ್ಸಿದ ಮೆಸೇಜಲ್ಲಿ ಪೂರ್ತಿ ವಿಧಾನ ಇದೆ, ಹಾಕ್ತೀನಿ.

ಸ್ವಾಮಣ್ಣ: ಹಾಕ್ಬೇಡಿ. ವೈರಿಗೆ ಬರ್ನ್ ಇನ್ ಏನ್ರೀ, ಹಪ್ಪಳಾನಾ.

ರಾಮಕೃಷ್ಣನಗರ ಕಾವ್ಯ: ಸರ್ ನಾನು ಲೆದರ್ ಥರದ ಪ್ಯಾಡ್ ಸಿಪ್ಪೆ ಸುಲೀತು ಅಂತ ವೆಲ್ವೆಟ್ ಪ್ಯಾಡ್ ಹಾಕ್ದೆ. ಬೇಸ್ ಅರ್ಧ ಹೋಯ್ತು. ಕನ್ನಡಕ ಬೇರೆ ಹಾಕ್ತೀನಿ. ಡುಪ್ಲಿಕೇಟ್ ಪ್ಯಾಡ್ ಬಂದಿದ್ಯಾ?

ಸ್ವಾಮಣ್ಣ: ಡುಪ್ಲಿಕೇಟ್ ಇರ್ಬೇಕಂತಿಲ್ಲ. ಪ್ಯಾಡ್ ಅಂದ್ರೆ ಬರೀ ದಿಂಬಲ್ಲ, ಕಿವಿ ಸುತ್ತ ಗಾಳಿ ಆಡದಂಗೆ ಮುಚ್ಚೋ ಮುಚ್ಚಳ. ವೆಲ್ವೆಟ್ಟಲ್ಲಿ ಗಾಳಿ ನುಗ್ಗುತ್ತೆ, ಕನ್ನಡಕದ ಕಡ್ಡಿ ಹತ್ರಾನೂ ಸಂದಿ, ಅಲ್ಲೇ ಬೇಸ್ ಸೋರೋದು. ಎರಡು ಅಂಗೈಲಿ ಮೆಲ್ಲಗೆ ಕಿವಿಗೆ ಒತ್ತಿ, ಬೇಸ್ ವಾಪಸ್ ಬಂದ್ರೆ ಸಂದೀನೇ ಕಾರಣ. ಇನ್ನೊಂದು, ಪ್ಯಾಡ್ ತೆಗ್ದು ನೋಡಿ, ಸ್ಪೀಕರ್ ಸುತ್ತ ಸಣ್ ಸಣ್ ತೂತು ಇರುತ್ತೆ, ಹೊಸ ಪ್ಯಾಡಿನ ಅಂಚು ಅದನ್ನ ಮುಚ್ಚಿದ್ರೂ ಸೌಂಡ್ ಬದ್ಲಾಗುತ್ತೆ. ಲೆದರ್ ಥರದ್ದು ಸುಲಿಯೋದು ಬೆವರಿಗೆ, ತಲೆಗೆ ಕೊಬ್ರಿ ಎಣ್ಣೆ ಹಾಕ್ಕೊಂಡು ಕೂತ್ರೆ ಇನ್ನೂ ಬೇಗ. ಬರೀ ಹೆಜ್ಜೆ ಸದ್ದಿಗೆ ಆಡೋದಾದ್ರೆ ಬೇಸ್ ಕಮ್ಮಿ ಇರೋದೇ ಒಳ್ಳೇದು, ಬೇಕಾದ್ರೆ ಹಾಗೇ ಬಿಡಿ.

ವಿಜಯನಗರ 2ನೇ ಹಂತ: ಸರ್ ಫ್ಯಾನ್ ಪ್ರಶ್ನೆ...

ಹೆಬ್ಬಾಳ್ ರೀಚಾರ್ಜ್: ಈ ಮಾಡ್ಯುಲರ್ ಗೀಡ್ಯುಲರ್ ಎಲ್ಲಾ ಬೊಗಳೆ. 1500ರದ್ದು ತಗೊಳಿ, ವರ್ಷಕ್ಕೊಂದು ಬಿಸಾಕಿ. 14 ಸಾವಿರಕ್ಕೆ ಒಂಬತ್ತು ವರ್ಷ ಬರುತ್ತೆ, ಲೆಕ್ಕ ಹಾಕಿ.

ಮದ್ದೂರು ಮಂಜ: ಆಲೆಮನೇಲಿ ಗಾಣದ ಬೇರಿಂಗ್ ಹೋದ್ರೆ ಗಾಣಾನೇ ಬಿಸಾಕ್ತೀವಾ ಸಾಮಿ?

ಹೆಬ್ಬಾಳ್ ರೀಚಾರ್ಜ್: ಹೆಡ್‌ಸೆಟ್ ಗಾಣ ಅಲ್ಲ ಗುರು. ನಿಮ್ಮೂರಲ್ಲಿ ಎಲ್ಲಾದಕ್ಕೂ ಕಬ್ಬೇ.

ಮದ್ದೂರು ಮಂಜ: ಊರಿನ ಮಾತ್ ಯಾಕ್ ಎತ್ತೀರಿ? ನೀವ್ ಮೈಸೂರೋರು ಬೆಳಿಗ್ಗೆ ಕಾಪಿಗೆ ಹಾಕೋ ಸಕ್ರೆ ಎಲ್ಲಿದು ಮತ್ತೆ?

ಸರಸ್ವತಿಪುರಂ ಆಡಿಯೋಫೈಲ್: ಇಬ್ರೂ ತಪ್ಪು. ಗೇಮಿಂಗ್ ಹೆಡ್‌ಸೆಟ್ಟೇ ತಗೋಬಾರ್ದು. ಒಳ್ಳೆ ಹೆಡ್‌ಫೋನ್ ಒಂದು, ಮೈಕ್ ಬೇರೆ ಒಂದು. ಅದೇ ನಿಜವಾದ ಮಾಡ್ಯುಲರ್. ಸುತ್ತ ಎಂಟು ಸ್ಪೀಕರ್ ಇದ್ದಂಗೆ ಅನ್ನೋ ಈ 7.1 ಎಲ್ಲಾ ನಾಟ್ಕ, ಒಳಗಿರೋದು ಎರಡೇ ಸ್ಪೀಕರ್.

ಕುವೆಂಪುನಗರ ಗೇಮರ್: ಕಿವೀನೂ ಎರಡೇ ಅಲ್ವಾ ಸರ್ ಇರೋದು 😄

ಸರಸ್ವತಿಪುರಂ ಆಡಿಯೋಫೈಲ್: ತಿಳ್ಕೊಂಡು ಮಾತಾಡಿ.

ಮಂಡಿ ಮೊಹಲ್ಲಾ ಹುಡುಗ: ಅಣ್ಣ ನಂದು ವೈರ್‌ಲೆಸ್ಸು, ಬಲಗಡೆ ಬಟ್ಟಲಲ್ಲಿ ಬ್ಯಾಟರಿ ಬದ್ಲಾಯಿಸ್ಬಹುದಾದ್ದು. ಕಂಪನಿ ಬ್ಯಾಟರಿ ದುಬಾರಿ ಅಂತ ಆನ್‌ಲೈನಲ್ಲಿ ಬೇರೆ ತರಿಸ್ದೆ, 2500 ಎಂಎಎಚ್ ಅಂತ ಬರ್ದಿತ್ತು. ಹಳೇದ್ರ ಮೇಲೆ 603040, ಇದ್ರ ಮೇಲೆ 803040. ಹಳೇದಕ್ಕೆ ಮೂರು ವೈರ್ ಇತ್ತು ಇದಕ್ಕೆ ಎರಡೇ, ಅಡ್ಜಸ್ಟ್ ಮಾಡಿ ಹಾಕ್ದೆ. ಎರಡು ವಾರ ಚೆನ್ನಾಗಿತ್ತು. ಈಗ ಮುಚ್ಚಳ ಎದ್ದು ಬಂದಿದೆ, ಬಿಚ್ಚಿದ್ರೆ ಬ್ಯಾಟರಿ ಪೂರಿ ಥರ ಉಬ್ಬಿದೆ. ಒಂದು ಗ್ರೂಪಲ್ಲಿ ಪಿನ್ನಲ್ಲಿ ಸಣ್ಣಗೆ ಚುಚ್ಚಿ ಗ್ಯಾಸ್ ಬಿಟ್ಟು ಟೇಪ್ ಹಾಕಿ ಅಂತ ವಿಡಿಯೋ ಇದೆ. ಮಾಡ್ಲಾ?

ಸ್ವಾಮಣ್ಣ: ಬೇಡ. ಬೇಡ. ಪಿನ್ ಕೆಳಗಿಡಿ ಮೊದ್ಲು. ಚಾರ್ಜರ್ ಚುಚ್ಚಬೇಡಿ, ಒತ್ತಬೇಡಿ, ಮುಚ್ಚಳ ವಾಪಸ್ ಹಾಕೋಕೆ ಹೋಗ್ಬೇಡಿ.

ಆ ನಂಬರ್ ಅಂದ್ರೆ ಅಳತೆ ಕಣಪ್ಪ. 603040 ಅಂದ್ರೆ 6 ಎಂಎಂ ದಪ್ಪ, 30 ಅಗಲ, 40 ಉದ್ದ. ನೀವ್ ಹಾಕಿರೋದು 8 ಎಂಎಂ ದಪ್ಪ. 6 ಹಿಡಿಯೋ ಗೂಡಿಗೆ 8 ತುರುಕಿ ಸ್ಕ್ರೂ ಬಿಗಿ ಮಾಡಿದೀರಿ, ಎರಡು ವಾರ ಅದು ಒತ್ತಡದಲ್ಲೇ ಕೂತಿತ್ತು. ಆ ಮೂರನೇ ವೈರು ಸುಮ್ನೆ ಕೊಟ್ಟಿದ್ದಲ್ಲ, ಬ್ಯಾಟರಿ ಬಿಸಿ ಎಷ್ಟಿದೆ ಅಂತ ಬೋರ್ಡಿಗೆ ಹೇಳೋ ವೈರು, ಬಿಸಿಯಾದ್ರೆ ಚಾರ್ಜ್ ನಿಲ್ಸೋಕೆ. ಅದನ್ನ ಏನ್ ಅಡ್ಜಸ್ಟ್ ಮಾಡಿದ್ರೋ ದೇವ್ರಿಗೇ ಗೊತ್ತು. 2500 ಅನ್ನೋದೂ ಸುಳ್ಳು, ಆ ಸೈಜಿಗೆ ಸಾವಿರದ ಆಸುಪಾಸು ಹಿಡುದ್ರೆ ದೊಡ್ದು. ಉಬ್ಬಿರೋದು ಒಳಗಿನ ರಸ ಕೆಟ್ಟು ಆಗಿರೋ ಗ್ಯಾಸು, ಅದಕ್ಕೆ ಬೆಂಕಿ ಹತ್ತುತ್ತೆ. ಪಿನ್ ಒಳಗೆ ಹೋದ್ರೆ ಪದರ ಪದರ ಅಂಟ್ಕೊಂಡು ಶಾರ್ಟ್ ಆಗುತ್ತೆ, ಮುಖದ ಹತ್ರ ಹಿಡ್ಕೊಂಡೇ ತಾನೆ ಚುಚ್ಚೋದು? ಆ ವಿಡಿಯೋ ಮಾಡ್ದೋನ್ನ ಕರ್ಕೊಂಬನ್ನಿ, ಅವ್ನ ಕೈಲೇ ಚುಚ್ಚಿಸ್ತೀನಿ.

ಈಗ ಮಾಡೋದು. ಕನೆಕ್ಟರ್ ಇದ್ರೆ ಮೆಲ್ಲಗೆ ಎಳೀರಿ. ಬೆಸುಗೆ ಇದ್ರೆ ಒಂದೊಂದೇ ವೈರ್ ಕತ್ತರಿಸಿ, ಎರಡೂ ಒಟ್ಟಿಗೆ ಕತ್ತರಿಗೆ ಸಿಕ್ಕಿದ್ರೆ ಅಲ್ಲೇ ಶಾರ್ಟ್. ಒಂದೊಂದು ತುದಿಗೂ ಬೇರೆಬೇರೆ ಟೇಪ್. ಅಂಟು ಹಿಡ್ಕೊಂಡಿದ್ರೆ ಚಾಕು ಹಾಕಿ ಎಬ್ಬಿಸ್ಬೇಡಿ, ಹೆಡ್‌ಸೆಟ್ ಸಮೇತ ಇಡಿ. ಮಣ್ಣಿನ ಕುಂಡದಲ್ಲಿ ಒಣ ಮರಳು ಹಾಕಿ ಅದ್ರಲ್ಲಿಟ್ಟು, ಮನೆ ಹೊರಗೆ ನೆರಳಲ್ಲಿ, ಸುತ್ತ ಏನೂ ಇಲ್ಲದ ಕಡೆ. ಗಟ್ಟಿ ಮುಚ್ಚಳ ಹಾಕ್ಬೇಡಿ. ಮಾಡಿ ಹೇಳಿ.

ಜೆಪಿ ನಗರ ಅಂಕಲ್: ಫ್ರೀಜರಲ್ಲಿ ಒಂದು ರಾತ್ರಿ ಇಟ್ರೆ ಉಬ್ಬಿರೋದು ಇಳಿಯುತ್ತೆ. ನನಗೂ ಫಾರ್ವರ್ಡ್ ಬಂದಿತ್ತು. ಅನೇಕರಿಗೆ ಉಪಯೋಗ ಆಗಿದೆ.

ಸ್ವಾಮಣ್ಣ: ಯಾರಿಗೆ ಆಗಿದೆ ಸ್ವಾಮಿ? ಫ್ರಿಜ್ ರಿಪೇರಿಯವ್ರಿಗಾ?

ಜೆಪಿ ನಗರ ಅಂಕಲ್: ವಯಸ್ಸಿಗೆ ಮರ್ಯಾದೆ ಕೊಟ್ಟು ಮಾತಾಡಿ.

ಅಡ್ಮಿನ್: ಇಬ್ರೂ ಸಮಾಧಾನ ಪ್ಲೀಸ್.

ಎರಡು ಮಕ್ಕಳ ಅಮ್ಮ: ನಮಸ್ತೆ ಸರ್, ಮಗ ಹೆಡ್‌ಸೆಟ್ ಹಾಕ್ಕೊಂಡು ರಜೇಲಿ ದಿನಕ್ಕೆ ಆರೇಳು ಗಂಟೆ ಆಡ್ತಾನೆ, ಈಗ ರಾತ್ರಿ ಕಿವೀಲಿ ಕುಯ್ಯ್ ಅನ್ನುತ್ತೆ ಅಂತಾನೆ. ಪ್ಯಾಡ್ ಬದ್ಲಾಯಿಸಿದ್ರೆ ಸರಿ ಹೋಗುತ್ತಾ? ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಡಿ ಅಂತ ಫ್ಯಾಮಿಲಿ ಗ್ರೂಪಲ್ಲಿ ಬಂದಿದೆ.

ಸ್ವಾಮಣ್ಣ: ಎಣ್ಣೆ ಬಿಡ್ಬೇಡಿ ತಾಯಿ. ನಾನು ಕಿವಿ ಡಾಕ್ಟ್ರಲ್ಲ, ಹೆಡ್‌ಸೆಟ್ ಡಾಕ್ಟ್ರು. ಮಾನಸಗಂಗೋತ್ರಿಲಿ ಸ್ಪೀಚ್ ಅಂಡ್ ಹಿಯರಿಂಗ್ ಇನ್‌ಸ್ಟಿಟ್ಯೂಟ್ ಇದೆ, ಇದೇ ವಾರ ಕರ್ಕೊಂಡ್ ಹೋಗಿ ಟೆಸ್ಟ್ ಮಾಡ್ಸಿ. ಅಲ್ಲಿವರ್ಗೂ ಹೆಡ್‌ಸೆಟ್ ಬಂದ್. ಡಬ್ಲ್ಯುಎಚ್‌ಓ ಲೆಕ್ಕದಲ್ಲಿ ದೊಡ್ಡೋರಿಗೇ 80 ಡೆಸಿಬಲ್ ವಾರಕ್ಕೆ 40 ಗಂಟೆ, 90 ಆದ್ರೆ ಬರೀ ನಾಕು ಗಂಟೆ. ಮಕ್ಕಳಿಗೆ ಅದೇ 40 ಗಂಟೆಗೆ 75 ಡೆಸಿಬಲ್. ಓಪನ್ ಬ್ಯಾಕ್ ಪ್ಲೇಟ್ ಹಾಕ್ಕೊಂಡು ಹೊರಗಿನ ಗಲಾಟೆ ಮುಚ್ಚೋಕೆ ವಾಲ್ಯೂಮ್ ಏರಿಸೋ ಹುಡುಗ್ರು ಜಾಸ್ತಿ, ಯಾವ್ ಪ್ಲೇಟ್ ಹಾಕ್ಕೊಂಡಿದಾನೆ ಅದನ್ನೂ ನೋಡಿ.

ಮಂಡಿ ಮೊಹಲ್ಲಾ ಹುಡುಗ ಎಲ್ಲಿ? ಬ್ಯಾಟರಿ ಎಲ್ಲಿಟ್ರಿ?

ಪಿಜಿ ಹುಡುಗ 2: ಸರ್ 2000 ಒಳಗೆ ಯಾವ್ದು ಬೆಸ್ಟ್?

ಸ್ವಾಮಣ್ಣ: ಮೇಲೆ ಓದಿ.

ಇಲವಾಲ ಎಕ್ಸ್‌ಪ್ರೆಸ್: ಸರ್ 2500 ಒಳಗೆ?

ಸ್ವಾಮಣ್ಣ: ಮೇಲೆ.

ಹೆಬ್ಬಾಳ್ ರೀಚಾರ್ಜ್: ನೋಡಿ, ಬ್ಯಾಟರಿ ಬದ್ಲಾಯಿಸ್ಬಹುದು ಅಂತ ಕೊಟ್ಟಿದ್ದಕ್ಕೇ ಆ ಹುಡುಗ ಮನೆಗೆ ಬಾಂಬ್ ತಂದ್ಕೊಂಡ. ನಾನ್ ಹೇಳಿದ್ದೇ ಸರಿ.

ಸ್ವಾಮಣ್ಣ: ಅಲ್ಲ ರೀ. ಬದ್ಲಾಯಿಸೋಕೆ ಬಂದಿದ್ದು ತಪ್ಪಲ್ಲ, ದಪ್ಪ ನೋಡದೇ ತುರುಕಿದ್ದು ತಪ್ಪು. ನಿಮ್ 1500ರದ್ರಲ್ಲೂ ವೈರ್‌ಲೆಸ್ ಆದ್ರೆ ಅದೇ ಜಾತಿ ಬ್ಯಾಟರಿ ಇರುತ್ತೆ. ವರ್ಷಕ್ಕೊಂದು ಎಲ್ಲಿ ಬಿಸಾಕ್ತೀರಿ, ಹಸಿ ಕಸಕ್ಕಾ ಒಣ ಕಸಕ್ಕಾ?

ಹೆಬ್ಬಾಳ್ ರೀಚಾರ್ಜ್: ಅದೆಲ್ಲಾ ನಿಮಗ್ಯಾಕೆ.

ಮದ್ದೂರು ಮಂಜ: ಹಂಗ್ ಕೇಳಣ್ಣ 👏

ವಿಜಯನಗರ 2ನೇ ಹಂತ: ಒಂದು ಗಂಟೆಯಿಂದ ಕಾಯ್ತಿದೀನಿ, ಜಗಳಕ್ಕೆ ಟೈಮಿದೆ ಫ್ಯಾನಿಗಿಲ್ಲ. ಬರ್ತೀನಿ.

ಸ್ವಾಮಣ್ಣ: ಮಂಡಿ ಮೊಹಲ್ಲಾ ಹುಡುಗ!! ಉತ್ರ ಕೊಡಪ್ಪ. ಅಡ್ಮಿನ್, ಅವ್ನ ನಂಬರ್ ಇದ್ರೆ ಫೋನ್ ಮಾಡಿ.

ಮಂಡಿ ಮೊಹಲ್ಲಾ ಹುಡುಗ: ಸಾರಿ ಅಣ್ಣ ಊಟಕ್ಕೆ ಕೂತಿದ್ದೆ. ಹೆಡ್‌ಸೆಟ್ ಸಮೇತ ಬೀರು ಮೇಲೆ ಹಾಸಿಗೆ ಪಕ್ಕ ಇಟ್ಟಿದೀನಿ, ಮರಳು ನಾಳೆ ತರ್ತೀನಿ.

ಸ್ವಾಮಣ್ಣ: ಹಾಸಿಗೆ ಪಕ್ಕ?! ಈಗ್ಲೇ ಎದ್ದೇಳು. ಬೀದೀಲಿ ಯಾರಾದ್ರೂ ಮನೆ ಕಟ್ಟಿಸ್ತಿದ್ರೆ ಕೇಳಿ ಒಂದು ಬೊಗಸೆ ಮರಳು ತಗೊ, ಒದ್ದೆ ಇರ್ಬಾರ್ದು. ಸಿಗದೇ ಇದ್ರೆ ಬರೀ ಕುಂಡದಲ್ಲಾದ್ರೂ ಇಟ್ಟು ಹೊರಗೆ ಸಿಮೆಂಟ್ ನೆಲದ ಮೇಲಿಡು.

ಮಂಡಿ ಮೊಹಲ್ಲಾ ಹುಡುಗ: ತುಳಸಿ ಕುಂಡ ಒಂದು ಖಾಲಿ ಇತ್ತು ಅಣ್ಣ, ಅದ್ರಲ್ಲಿಟ್ಟು ತಾರಸಿ ಮೇಲೆ ನೀರಿನ ಟ್ಯಾಂಕ್ ನೆರಳಲ್ಲಿಟ್ಟೆ. ಎದುರು ಮನೆಯೋರು ಮರಳು ಕೊಟ್ರು. ಅಮ್ಮ ಬೈತಿದಾರೆ.

ಸ್ವಾಮಣ್ಣ: ಬೈಸ್ಕೊ. ನಾಳೆ ಹನ್ನೊಂದಕ್ಕೆ ಕುಂಡದ ಸಮೇತ ಅಂಗಡಿಗೆ ಬಾ, ಇ-ವೇಸ್ಟಿಗೆ ನಾನೇ ಕೊಡ್ತೀನಿ. ಆಟೋದಲ್ಲಿ ಕಾಲ ಹತ್ರ ಇಟ್ಕೊಂಡು ಬಾ, ಸ್ಕೂಟರ್ ಡಿಕ್ಕಿಲಿ ಹಾಕ್ಕೊಂಡು ಬರ್ಬೇಡ.