‘ಮರಿಯನ್‌ಬಾಡ್’ ನೋಡಬೇಕೆಂದಿದ್ದೇನೆ, ಅನುಭವ ಇರುವವರು ತಿಳಿಸಿ

ಪ್ರಶ್ನೆ: ನಾನು ಕನ್ನಡ, ತಮಿಳು ಚಿತ್ರಗಳನ್ನಷ್ಟೇ ನೋಡಿಕೊಂಡು ಬಂದವನು. ಅಲೆನ್ ರೆನೆ ನಿರ್ದೇಶಿಸಿದ 1961ರ ಫ್ರೆಂಚ್ ಚಿತ್ರ ‘ಲಾಸ್ಟ್ ಇಯರ್ ಅಟ್ ಮರಿಯನ್‌ಬಾಡ್’ ನೋಡುವ ಆಸೆಯಾಗಿದೆ. ಮೊದಲೇ ಏನಾದರೂ ಓದಿಕೊಳ್ಳಬೇಕೆ?

ಹಿಂದಿನ ಸಾಲಿನವನು: ಮೊಬೈಲಿನಲ್ಲಿ ಮಾತ್ರ ನೋಡಬೇಡಿ. ನಾನು ಫ್ರಾನ್ಸಿನಿಂದ ಬ್ಲೂ-ರೇ ತರಿಸಿದೆ. ಡಿಸ್ಕಿಗೆ 2,350 ರೂಪಾಯಿ, ಅಂಚೆಗೆ 980, ಅದರ ಮೇಲೆ ಸುಂಕ 1,140. ಇಷ್ಟು ತೆತ್ತ ಮೇಲೂ ನನ್ನ ಪ್ಲೇಯರ್ ಅದನ್ನು ಓದಲಿಲ್ಲ, ಏಕೆಂದರೆ ಬ್ಲೂ-ರೇ ಡಿಸ್ಕುಗಳನ್ನು ಆಯಾ ವಲಯದ ಪ್ಲೇಯರಿಗಷ್ಟೇ ಓದಲು ಬರುವಂತೆ ಮಾಡಿರುತ್ತಾರೆ, ಯುರೋಪಿನದು ಬಿ ವಲಯ, ಭಾರತದ್ದು ಸಿ ವಲಯ. ಮಾರಿದವರು ಈ ವಿಷಯ ಬಾಯಿಬಿಡಲಿಲ್ಲ, ಡಿಸ್ಕ್ ಹಿಂದಕ್ಕೂ ಪಡೆಯಲಿಲ್ಲ. ಎಲ್ಲ ವಲಯಗಳನ್ನೂ ಓದುವ ಪ್ಲೇಯರಿಗೆ ಮತ್ತೆ 11,500 ಸುರಿದೆ. ಆದರೂ ಹೇಳುತ್ತೇನೆ, ಉದ್ಯಾನದಲ್ಲಿ ನಿಂತ ಮನುಷ್ಯರಿಗೆ ಉದ್ದನೆಯ ನೆರಳಿದ್ದು ಗಿಡಗಳಿಗೆ ನೆರಳೇ ಇಲ್ಲದಿರುವುದು ದೊಡ್ಡ ಪರದೆಯಲ್ಲಷ್ಟೇ ಕಣ್ಣಿಗೆ ಬೀಳುತ್ತದೆ. ಆ ನೆರಳುಗಳನ್ನು ನೆಲದ ಮೇಲೆ ಬಣ್ಣದಲ್ಲಿ ಬಳಿದಿದ್ದರು.

ಸಂಜೆಯ ಆಟ: ಮೇಲಿನವರ ಖರ್ಚಿನ ಪಟ್ಟಿ ಓದಿ ಗಾಬರಿಯಾಗಬೇಡಿ. ಆ ನೆರಳನ್ನು ನಾನು ಫೋನಿನಲ್ಲೇ, ಅದೂ ಏನನ್ನೂ ಓದಿಕೊಳ್ಳದೆ, ಕಂಡವಳು. ಚಿತ್ರದಲ್ಲಿ ಕಳೆದ ವರ್ಷ ಭೇಟಿಯಾಗಿದ್ದೆವು ಎಂದು ಒಬ್ಬಾತ ಒಬ್ಬಾಕೆಗೆ ಹೇಳುತ್ತಲೇ ಇರುತ್ತಾನೆ, ಆಕೆ ಇಲ್ಲವೆನ್ನುತ್ತಲೇ ಇರುತ್ತಾಳೆ, ಇದಕ್ಕೆ ಓದಿಕೊಳ್ಳುವುದೇನಿದೆ? ಆರ್ಗನ್ ಸಂಗೀತ ಶುರುವಾಗುತ್ತಿದ್ದಂತೆ ನಮ್ಮ ಯಜಮಾನರು ಗೊರಕೆ ಹೊಡೆದರು. ನಾನು ಮಾತ್ರ, ಆಕೆ ಮೇಜಿನ ಖಾನೆ ಎಳೆದಾಗ ಒಂದೇ ಫೋಟೋದ ಪ್ರತಿಗಳು ರಾಶಿಯಾಗಿ ಬಿದ್ದಿರುವುದನ್ನು ಕಂಡು ಬೆಚ್ಚಿದೆ. ಚಿತ್ರದಲ್ಲಿ ಬರುವ, ಸಾಲುಗಳಿಂದ ಕಡ್ಡಿ ಎತ್ತುವ ಬೆಂಕಿಕಡ್ಡಿಯ ಆಟವನ್ನಂತೂ ಮನೆಯಲ್ಲಿ ಎಲ್ಲರಿಗೂ ಕಲಿಸಿದ್ದೇನೆ. ಮೊದಲು ತೆಗೆದವರಿಗೇ ಗೆಲುವು.

ಚಿತ್ರಕಥೆಯ ಓದುಗ: ಓದುವುದೇನಿದೆ ಎಂದು ಕೇಳುವುದು ಬಹಳ ಸುಲಭ, ಮೇಡಂ. ರಾಬ್-ಗ್ರಿಯೆ ಬರೆದ ಚಿತ್ರಕಥೆಯಲ್ಲಿ ಕೊನೆಯ ಭಾಗದಲ್ಲೊಂದು ಬಲಾತ್ಕಾರವಿದೆ. ರೆನೆ ಅದನ್ನು ತೆಗೆದುಹಾಕಿ, ಕಣ್ಣು ಕೋರೈಸುವ ಬೆಳಕಿನಲ್ಲಿ ಕ್ಯಾಮೆರಾ ಮತ್ತೆ ಮತ್ತೆ ಆಕೆಯ ಚಾಚಿದ ತೋಳುಗಳತ್ತ ನುಗ್ಗುವಂತೆ ಮಾಡಿದರು. ಇದು ತಿಳಿಯದೆ ಆ ದೃಶ್ಯವನ್ನು ಸುಮ್ಮನೆ ಸೊಗಸಾಗಿದೆ ಎಂದುಕೊಂಡು ಏಳುವವರೇ ಹೆಚ್ಚು. ಹೊಸಬರು ಕ್ರಿಸ್ ಮಾರ್ಕರ್ ಅವರ ‘ಲಾ ಜೆಟೆ’ಯಿಂದ ಆರಂಭಿಸಲಿ. 1962ರದು, 28 ನಿಮಿಷ, ಹೆಚ್ಚುಕಡಿಮೆ ಪೂರ್ತಿ ಸ್ಥಿರಚಿತ್ರಗಳಲ್ಲೇ ಕಟ್ಟಿದ್ದು.

ಹಿಂದಿನ ಸಾಲಿನವನು: ಸ್ವಾಮಿ, ಅವರು ಕೇಳಿದ್ದು ‘ಮರಿಯನ್‌ಬಾಡ್’ ಬಗ್ಗೆ. ಪ್ರತಿ ಚರ್ಚೆಯಲ್ಲೂ ತಾವು ‘ಲಾ ಜೆಟೆ’ಯನ್ನು ತಂದು ಸುರಿಯುತ್ತೀರಿ. ಅದರಲ್ಲಿ ನೇರವಾದ ಕಥೆಯಿದೆ. ಅದನ್ನು ನೋಡಿ ಬಂದವರು ಇಲ್ಲಿಯೂ ಕಥೆ ಹುಡುಕಿ ಅರ್ಧಕ್ಕೇ ಎದ್ದು ಹೋಗುತ್ತಾರೆ.

ಸಂಜೆಯ ಆಟ: ನನ್ನ ಫೋನು, ನನ್ನ ಕಣ್ಣು. ಪಾಠ ಹೇಳಿಸಿಕೊಳ್ಳಲು ನಾನು ಇಲ್ಲಿಗೆ ಬಂದಿಲ್ಲ.

ಚಿತ್ರಕಥೆಯ ಓದುಗ: ಪಾಠ ಬೇಡವೆಂದರೆ ಬಿಡಿ, ಲೆಕ್ಕವನ್ನಾದರೂ ಸರಿಮಾಡಿಕೊಳ್ಳಿ. 7, 5, 3, 1 ಎಂದು ಸಾಲಿಟ್ಟು, ಕೊನೆಯದನ್ನು ಎತ್ತಿದವರು ಸೋಲುವ ಆಟದಲ್ಲಿ ಇಬ್ಬರೂ ತಪ್ಪಿಲ್ಲದೆ ಆಡಿದರೆ ಗೆಲ್ಲುವುದು ಎರಡನೆಯವರು. ನಂಬಿಕೆ ಬಾರದಿದ್ದರೆ ಹದಿನಾರು ಕಡ್ಡಿ ಹರಡಿ, ತಾವೇ ಮೊದಲು ತೆಗೆಯಿರಿ.