ಹಳೇ ಪಿಸಿಯಲ್ಲಿ ಮನೆ ಸರ್ವರ್: ಸದ್ದು ಕಡಿಮೆ ಮಾಡೋದು ಹೇಗೆ?

ಹಳೇಡಬ್ಬ:
2013ರ ಐ3-4130 ಪ್ರೊಸೆಸರ್, 8 ಜಿಬಿ ರ್‍ಯಾಮ್, ಎರಡು 4 ಟಿಬಿ ಹಾರ್ಡ್ ಡಿಸ್ಕ್. ಓಪನ್‌ಮೀಡಿಯಾವಾಲ್ಟ್ (ಪಿಸಿಯನ್ನು ಫೈಲ್ ಇಡೋ ಸರ್ವರ್ ಮಾಡೋ ಸಾಫ್ಟ್‌ವೇರ್) ಹಾಕಿ ಮನೆಯವರ ಫೋಟೋ, ವಿಡಿಯೋ ಎಲ್ಲ ಅದರಲ್ಲೇ ಇಡುತ್ತಿದ್ದೇನೆ. ಕೆಲಸ ಚೆನ್ನಾಗಿ ಮಾಡುತ್ತೆ, ಸದ್ದೇ ತಲೆನೋವು. ಹಾಲ್‌ನಲ್ಲಿ ಟಿವಿ ಸ್ಟ್ಯಾಂಡ್ ಕೆಳಗಿದೆ, ಅಪ್ಪ ಅಲ್ಲೇ ಮಲಗೋದು. ರಾತ್ರಿ ಡಿಸ್ಕ್ ಗೊರ್ ಅಂದ್ರೆ ಮರದ ಸ್ಟ್ಯಾಂಡೂ ಜೊತೆಗೆ ಗುಂಯ್ ಅನ್ನುತ್ತೆ. ಏನು ಮಾಡಲಿ?

ಫ್ಯೂಸ್_ಹೋದವ:
80 ಎಂಎಂ ಫ್ಯಾನ್ ಇದ್ದರೆ ಕಿತ್ತು 120 ಎಂಎಂ ಹಾಕಿ. ದೊಡ್ಡದು ನಿಧಾನ ತಿರುಗಿದರೂ ಗಾಳಿ ಸಾಕಷ್ಟು ಬರುತ್ತೆ. ಡಿಸ್ಕ್‌ಗೆ ಹಳೇ ಹವಾಯಿ ಚಪ್ಪಲಿ ಕತ್ತರಿಸಿ ನಾಲ್ಕು ಚೂರು ಮಾಡಿ. ಸ್ಕ್ರೂ ಬಿಚ್ಚಿ, ಡಿಸ್ಕನ್ನು ಅದರ ಮೇಲೆ ಕೂರಿಸಿ. ತಗಡಿಗೆ ತಾಗದಿದ್ರೆ ಗುಂಯ್ ನಿಲ್ಲುತ್ತೆ. ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋಗಿ ದುಡ್ಡು ಸುರಿಯೋದು ಬೇಡ.

ಲೆಕ್ಕದ_ಮೇಷ್ಟ್ರು:
"ದುಡ್ಡು ಸುರಿಯೋದು ಬೇಡ" ಅಂತೀರಿ, ಕರೆಂಟಿಗೆ ಸುರಿಯೋದು? ಅದು 54 ವ್ಯಾಟ್ ಪ್ರೊಸೆಸರ್. ದಿನವಿಡೀ ಓಡಿದರೆ ತಿಂಗಳಿಗೆ 39 ಯೂನಿಟ್. ಗೃಹಜ್ಯೋತಿ ಫ್ರೀ ಕರೆಂಟ್ ಕಥೆ ಮುಗೀತು. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಒಂದು ತಗೊಳ್ಳಿ ಸುಮ್ನೆ.

ಫ್ಯೂಸ್_ಹೋದವ:
54 ಅನ್ನೋದು ಟಿಡಿಪಿ ಮೇಷ್ಟ್ರೇ, ಪೂರ್ತಿ ಕೆಲಸ ಕೊಟ್ಟಾಗಿನ ಲೆಕ್ಕ. ಫೋಟೋ ಕಾಯ್ಕೊಂಡು ಕೂತ ಪ್ರೊಸೆಸರ್ ಅಷ್ಟು ತಿನ್ನಲ್ಲ. ಪೈ ಹಾಕಿದ್ರೂ ಎರಡು ಡಿಸ್ಕ್ ತಿರುಗೋದು ನಿಲ್ಲುತ್ತಾ?

ಹಳೇಡಬ್ಬ:
ಪ್ಲಗ್ ಮೀಟರ್ ಹಾಕಿ ನೋಡಿದೆ. ಡಿಸ್ಕ್ ಎಲ್ಲ ಸೇರಿ 38 ವ್ಯಾಟ್.

ಲೆಕ್ಕದ_ಮೇಷ್ಟ್ರು:
ಅಂದ್ರೂ 27 ಯೂನಿಟ್ ಆಯ್ತಲ್ಲ! ನಾನು ಹೇಳಿದ್ದೂ ಅದೇ.

ಮಳೆಬಿಲ್ಲು:
27ಕ್ಕೆ ಇಷ್ಟು ಗಲಾಟೆನಾ? 200 ಯೂನಿಟ್‌ವರೆಗೆ ಫ್ರೀ ಅಲ್ವಾ?

ಲೆಕ್ಕದ_ಮೇಷ್ಟ್ರು:
ಎಲ್ಲರಿಗೂ 200 ಅಲ್ಲ ಮೇಡಂ. 2022-23ರಲ್ಲಿ ನೀವು ಸರಾಸರಿ ಬಳಸಿದ್ದು, ಅದರ ಮೇಲೆ ಶೇ. 10. ಆಚೆ ಹೋದಷ್ಟಕ್ಕೆ ಬಿಲ್. 200 ದಾಟಿದರೆ ಪೂರ್ತಿ ಬಿಲ್. ಗೊತ್ತಿಲ್ಲದೆ ಮಾತಾಡಬೇಡಿ.

ಮಳೆಬಿಲ್ಲು:
ನಮ್ಮನೇಲಿ 160 ಬಂದರೂ ಸೊನ್ನೆ ಬಿಲ್ಲೇ. ಗೊತ್ತಿಲ್ಲದೆ ಮಾತಾಡ್ತಿರೋದು ಯಾರು?

ಲೆಕ್ಕದ_ಮೇಷ್ಟ್ರು:
ಅಂದ್ರೆ ನಿಮ್ಮ ಸರಾಸರಿ ಆಗಲೇ ಜಾಸ್ತಿ ಇತ್ತು. ಆ ವರ್ಷ ಎಸಿ ಹಾಕಿ ಮಜಾ ಮಾಡಿದವರಿಗೆ ಈಗ ಲಾಭ, ನೋಡಿ ಬಳಸಿದವರಿಗೆ ನಾಮ.

ಮಳೆಬಿಲ್ಲು:
ಎಸಿನಾ? ಮನೇಲಿ ಆರು ಜನ, ಒಂದು ಗೀಸರ್. ಮಜಾ ಅಂತೆ! ನಮ್ಮನೆ ಮೀಟರ್ ಓದೋಕೆ ನೀವೇ ಬರ್ತೀರಾ?

ಬಾಡಿಗೆ_ಬಸವ:
ಹಳೇ ಲೆಕ್ಕ ಇಲ್ಲದ ಮನೆಗೆ ರಾಜ್ಯದ ಸರಾಸರಿ ಅಂತ 53ಕ್ಕೆ ಶೇ. 10 ಸೇರಿಸಿ 58 ಯೂನಿಟ್ ಕೊಟ್ಟರು. ನನಗೆ ಅಷ್ಟೇ. ಅದರಲ್ಲಿ 27 ಸರ್ವರ್ ತಿಂದರೆ ಫ್ರಿಜ್‌ನಲ್ಲಿ ಪುಸ್ತಕ ಇಡಬೇಕಷ್ಟೆ.

ಹಳೇಡಬ್ಬ:
ನನ್ನ ಮಿತಿ 121. ಹೋದ ತಿಂಗಳು 104 ಆಗಿತ್ತು. ಇದು ಸೇರಿ 131. ಹತ್ತು ಯೂನಿಟ್ ಆಚೆ, ಸುಮಾರು 60 ರೂಪಾಯಿ. ಒಂದು ಮಸಾಲೆ ದೋಸೆ. ಸದ್ದಿನ ವಿಷಯಕ್ಕೆ ಬರೋಣವಾ?

ಲೆಕ್ಕದ_ಮೇಷ್ಟ್ರು:
ವರ್ಷಕ್ಕೆ 12 ದೋಸೆ.

ತಂಪುಗಾಳಿ:
ಚಪ್ಪಲಿ ಮೇಲೆ ಡಿಸ್ಕ್ ಇಡೋ ಸಲಹೆ ಕೊಟ್ಟವರಿಗೆ ನಮಸ್ಕಾರ. ಸ್ಕ್ರೂ ಹಾಕಿದ್ದರೆ ಬಿಸಿ ತಗಡಿಗೆ ಇಳಿಯುತ್ತೆ. ರಬ್ಬರ್ ಮೇಲೆ ಡಿಸ್ಕ್ ಬೆಂದು ಹೋಗುತ್ತೆ ಅಷ್ಟೇ.

ಫ್ಯೂಸ್_ಹೋದವ:
"ಬೆಂದು ಹೋಗುತ್ತೆ"? 2007ರಲ್ಲಿ ಗೂಗಲ್‌ನವರೇ ತಮ್ಮ ಡಿಸ್ಕ್‌ಗಳ ಲೆಕ್ಕ ಬರೆದು ಪ್ರಕಟಿಸಿದ್ದಾರೆ. ಬಿಸಿಗೂ ಕೆಡೋದಕ್ಕೂ ಜನ ಅಂದುಕೊಂಡಷ್ಟು ನಂಟಿಲ್ಲ ಅಂತ. ತಣ್ಣಗಿದ್ದ ಡಿಸ್ಕ್‌ಗಳೇ ಜಾಸ್ತಿ ಕೆಟ್ಟಿದ್ದವು.

ತಂಪುಗಾಳಿ:
ಅದೇ ಬರಹದಲ್ಲಿ ತೀರಾ ಬಿಸಿಯಾದಾಗ ಹಾಗಲ್ಲ ಅಂತಲೂ ಇದೆ. ಆ ಸಾಲು ಕಣ್ಣಿಗೆ ಬೀಳಲಿಲ್ವಾ? ಅವರದ್ದು ಡೇಟಾ ಸೆಂಟರ್ ಗುರು, ನಿಮ್ಮದು ಟಿವಿ ಸ್ಟ್ಯಾಂಡ್.

ಫ್ಯೂಸ್_ಹೋದವ:
ನನ್ನದಲ್ಲ, ಅವರದ್ದು ಟಿವಿ ಸ್ಟ್ಯಾಂಡ್. ನನ್ನದು ನಾಲ್ಕು ವರ್ಷದಿಂದ ಪ್ಯಾರಗಾನ್ ಚಪ್ಪಲಿ ಮೇಲೆ ಓಡ್ತಾ ಇದೆ.

ಬಾಡಿಗೆ_ಬಸವ:
ಯಾವ ಕಾಲಿಂದು?

ತಂಪುಗಾಳಿ:
ಎರಡು ಡಿಸ್ಕನ್ನೂ ಒಂದರ ನಕಲು ಇನ್ನೊಂದು ಅಂತ ಹಾಕಿದ್ದರೆ ಅದು ಬ್ಯಾಕಪ್ ಅಲ್ಲ, ಅದನ್ನೂ ಹೇಳಿಬಿಡ್ತೀನಿ. ತಪ್ಪಿ ಅಳಿಸಿದ ಫೋಟೋ ಎರಡರಲ್ಲೂ ಒಟ್ಟಿಗೇ ಹೋಗುತ್ತೆ.

ಮಳೆಬಿಲ್ಲು:
ಮೇಷ್ಟ್ರು ಗೀಸರ್ ಬಗ್ಗೆ ಏನೂ ಹೇಳಲಿಲ್ಲ.

ಹಳೇಡಬ್ಬ:
ನಿನ್ನೆ ಚಪ್ಪಲಿ ಕತ್ತರಿಸಿದೆ. ಡಬ್ಬವನ್ನು ಸ್ಟ್ಯಾಂಡಿಂದ ತೆಗೆದು, ಮಡಚಿದ ಕಂಬಳಿ ಹಾಸಿ ರೂಮಿನ ಸಜ್ಜಾ ಮೇಲಿಟ್ಟೆ. ಗಾಳಿ ಹೋಗೋ ತೂತು ಬಿಟ್ಟಿದ್ದೇನೆ. ಡಿಸ್ಕ್ 41 ಡಿಗ್ರಿ. ಬೆಳಿಗ್ಗೆ ಅಪ್ಪ ಕೇಳಿದರು, "ಅದು ಕೆಟ್ಟು ಹೋಯ್ತೇನೋ?"

ತಂಪುಗಾಳಿ:
ಏಪ್ರಿಲ್ ಬರಲಿ, ಆಗ 41 ಇರುತ್ತಾ ನೋಡೋಣ.

ಲೆಕ್ಕದ_ಮೇಷ್ಟ್ರು:
ಡಿಗ್ರಿ ಬಿಡಿ, ಮುಂದಿನ ಬಿಲ್ ಬಂದಾಗ ಫೋಟೋ ಹಾಕಿ.

ಮಳೆಬಿಲ್ಲು:
ನಂದು ಈಗಲೇ ಹಾಕಲಾ ಮೇಷ್ಟ್ರೇ? 163 ಯೂನಿಟ್, ಸೊನ್ನೆ ರೂಪಾಯಿ.